ಮನೆ ಕಂದಾಯ ಜಾಸ್ತಿ ಬಂದಿದೆಯಾ? ತುಮಕೂರಿಗೆ ಹೊಸದಾಗಿ ಬಂದವರಿಗೆ

ಇಲ್ಲಿ ಮನೆ ಕೊಂಡು ಬಂದವರು ಸಂಘದಲ್ಲಿ ಮೊದಲು ಕೇಳುವುದೇ ಇದು: ಪಕ್ಕದ ಮನೆಗಿಂತ ನಮಗೆ ಯಾಕೆ ಕಂದಾಯ ಜಾಸ್ತಿ, ಕೋರ್ಟಿಗೆ ಹೋಗಬೇಕಾ? ಬೇಡ. ಲಾಯರ್ ಫೀಸೇ ಕಂದಾಯವನ್ನು ಮೀರಿಸುತ್ತದೆ.

ಪಾಲಿಕೆಯಲ್ಲಿ ಇರುವುದು ಸ್ವಯಂ ಘೋಷಣೆ ಪದ್ಧತಿ, ಅಂದರೆ ಆಸ್ತಿಯ ವಿವರವನ್ನು ಮಾಲೀಕರೇ ಬರೆದುಕೊಡುವುದು. ಜಾಗದ ಮಾರ್ಗಸೂಚಿ ಬೆಲೆ (ಸರ್ಕಾರ ಗೊತ್ತು ಮಾಡಿದ ಬೆಲೆ), ಕಟ್ಟಡದ ಅಳತೆ, ಅದು ಎಷ್ಟು ವರ್ಷ ಹಳೆಯದು, ವಾಸಕ್ಕೋ ಅಂಗಡಿಗೋ, ಇದೆಲ್ಲ ನೋಡಿ ಲೆಕ್ಕ ಹಾಕುತ್ತಾರೆ. ನಾವು ಕಂಡ ಮಟ್ಟಿಗೆ ತಕರಾರು ಇರುವುದು ದರದಲ್ಲಲ್ಲ, ದಾಖಲೆಯಲ್ಲಿ. ಹಿಂದಿನ ಮಾಲೀಕರು ಮುಂದಿನ ರೂಮಿಗೆ ಶಟರ್ ಹಾಕಿ ಝೆರಾಕ್ಸ್ ಅಂಗಡಿ ಇಟ್ಟಿದ್ದರು ಅಂತಿಟ್ಟುಕೊಳ್ಳಿ. ಅಂಗಡಿ ಮುಚ್ಚಿ, ಈಗ ಅಲ್ಲಿ ನಿಮ್ಮ ಸ್ಕೂಟರ್ ನಿಲ್ಲುತ್ತಿದ್ದರೂ ದಾಖಲೆಯಲ್ಲಿ ಅದು ವಾಣಿಜ್ಯವೇ! ಹಾಗಾಗಿ ಮೊದಲು ನಿಮ್ಮ ಆಸ್ತಿಯ ವಿವರ ತೆಗೆಸಿ, ಅಳತೆ, ಕಟ್ಟಿದ ವರ್ಷ, ಬಳಕೆ ಮೂರನ್ನೂ ಕ್ರಯಪತ್ರದ ಜೊತೆ ಇಟ್ಟು ನೋಡಿ.

ತಪ್ಪಿದ್ದರೆ ಆಯುಕ್ತರ ಹೆಸರಿಗೆ ಒಂದು ಪುಟದ ಅರ್ಜಿ ಸಾಕು. ಕ್ರಯಪತ್ರ, ಮನೆಯ ಫೋಟೊ, ಗೃಹಬಳಕೆ ಅಂತ ಇರುವ ಬೆಸ್ಕಾಂ ಬಿಲ್ ಲಗತ್ತಿಸಿ. ಸುಮ್ನೆ ಬಿಲ್ ಕಲೆಕ್ಟರ್ ಕೈಗೆ ಕೊಟ್ಟು ಬರಬೇಡಿ. ಪಾಲಿಕೆ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಸ್ಥಳಕ್ಕೆ ಬಂದು ಅಳೆಯಿರಿ ಅಂತ ಅರ್ಜಿಯಲ್ಲೇ ಕೇಳಿ, ಅಳೆಯಲು ಬಂದ ದಿನ ನೀವೂ ಟೇಪಿನ ಇನ್ನೊಂದು ತುದಿ ಹಿಡಿಯಿರಿ. ಆದರೆ ಇದೂ ಗೊತ್ತಿರಲಿ: ದಾಖಲೆಗೆ ಸೇರದ ಮೇಲಿನ ಮಹಡಿ ಇದ್ದರೆ ಅದೂ ಆವತ್ತೇ ಸಿಗುತ್ತದೆ.

ಅರ್ಜಿ ಹಾಕಿದ್ದೇನೆ ಅಂತ ಕಂದಾಯ ನಿಲ್ಲಿಸಬೇಡಿ. ಏಪ್ರಿಲಿನಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ ಇದೆ. ಜೂನ್ ದಾಟಿದರೆ ತಿಂಗಳಿಗೆ ಶೇ. 2 ದಂಡ ಬೀಳುತ್ತದೆ. 'ಆಕ್ಷೇಪಣೆಗೆ ಒಳಪಟ್ಟು ಪಾವತಿಸಿದ್ದೇನೆ' ಅಂತ ಪತ್ರ ಕೊಟ್ಟು ಕಟ್ಟಿಬಿಡಿ. ಗ್ರಂಥಾಲಯ, ಆರೋಗ್ಯ ಅಂತ ಬರುವ ಉಪಕರದ ಬಗ್ಗೆ ವಾದ ಮಾಡಿ ಉಪಯೋಗವಿಲ್ಲ.

ಉತ್ತರವೇ ಬರಲಿಲ್ಲವಾ? ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ, ನಿಮ್ಮ ಮನೆಗೆ ಲೆಕ್ಕ ಹಾಕಿದ ಹಾಳೆಯ ನಕಲು ಕೇಳಿ. 30 ದಿನದೊಳಗೆ ಉತ್ತರ ಕೊಡಲೇಬೇಕು, ಎಷ್ಟೋ ಸಲ ಫೈಲು ಅಲುಗಾಡುವುದೇ ಆಗ. ಪಾಲಿಕೆಯಲ್ಲಿ ತೆರಿಗೆ, ಹಣಕಾಸು ಮತ್ತು ಅಪೀಲುಗಳ ಸ್ಥಾಯಿ ಸಮಿತಿ ಅಂತಲೂ ಒಂದಿರುತ್ತದೆ. ಅದು ಚುನಾಯಿತ ಸದಸ್ಯರದು, ಅಲ್ಲಿಗೂ ಬರೆಯಬಹುದು. ಚುನಾಯಿತ ಸದಸ್ಯರು ಇಲ್ಲದ ಕಾಲದಲ್ಲಿ ಆಡಳಿತಾಧಿಕಾರಿಗೆ ಬರೆಯಿರಿ.

ಮಾರ್ಗಸೂಚಿ ಬೆಲೆಯೇ ಜಾಸ್ತಿ ಅನಿಸಿದರೆ ಪಾಲಿಕೆಗೆ ಹೋಗಿ ಫಲವಿಲ್ಲ, ಅದನ್ನು ನಿಗದಿ ಮಾಡುವುದು ನೋಂದಣಿ ಇಲಾಖೆ. ದರ ಬದಲಿಸುವ ಮೊದಲು ಕರಡು ಪಟ್ಟಿ ಹೊರಡಿಸಿ ಆಕ್ಷೇಪಣೆ ಕೇಳುತ್ತಾರೆ. ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ದರ ಏರಿದ್ದೂ ಹಾಗೆಯೇ. ಕರಡು ಬಂದಾಗಲೇ ನಿಮ್ಮ ರಸ್ತೆಯವರೆಲ್ಲ ಸೇರಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಒಂದೇ ಅರ್ಜಿ ಕೊಡಿ, ಸುತ್ತಮುತ್ತ ನಿಜವಾಗಿ ನಡೆದ ಕ್ರಯಪತ್ರಗಳ ನಕಲು ಸೇರಿಸಿ. ಪಟ್ಟಿ ಅಂತಿಮವಾದ ಮೇಲೆ ಒಬ್ಬೊಬ್ಬರೇ ಓಡಾಡುವುದು ದಂಡ.

ಊರಾಚೆಯ ಲೇಔಟಿನಲ್ಲಿ ಮನೆ ಇದ್ದರೆ ಪಾಲಿಕೆಯೋ ಪಂಚಾಯಿತಿಯೋ ಅಂತ ಮೊದಲು ರಸೀದಿ ನೋಡಿ. ಪಂಚಾಯಿತಿ ಆದರೆ ಅರ್ಜಿ ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ).