ನಿಮ್ಮೂರಿನ ವಸ್ತುಗಳಿಗೊಂದು ಮಾದರಿ ಕಪಾಟು ಮಾಡಿ

ಬಳಸಿದ ಮೇಲೆ ಮತ್ತೆ ಮಣ್ಣು ಸೇರುವ ವಸ್ತುಗಳಿಗಾಗಿ ಶಿರಸಿ, ಕುಮಟಾ ಕಡೆಯವರು ದೂರ ಹೋಗಬೇಕಿಲ್ಲ. ಅಡಿಕೆ ಹಾಳೆ (ಸೋಗೆಯ ಬುಡದ ಅಗಲ ಭಾಗ), ತೆಂಗಿನ ಕತ್ತ (ಸಿಪ್ಪೆಯ ನಾರು), ಬಾಳೆ ನಾರು, ಬಿದಿರು, ಬೆತ್ತ, ಚಿಪ್ಪಿನ ಸುಣ್ಣ, ಎಲ್ಲ ಇಲ್ಲೇ ಇವೆ. ಆದರೆ ಅವನ್ನು ಹದ ಮಾಡುವುದು ಹೇಗೆ ಎಂದು ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಆ ತಿಳಿವಳಿಕೆ ಊರಿಗೆಲ್ಲ ಸಿಗಬೇಕಾದರೆ ಒಂದು ಮಾದರಿ ಕಪಾಟು ಮಾಡಿ, ಅಂದರೆ ಈ ವಸ್ತುಗಳ ಮಾದರಿಗಳನ್ನು ಎಲ್ಲರೂ ನೋಡುವಂತೆ ಚೀಟಿ ಸಮೇತ ಇಡುವ ಕಪಾಟು. ಶಾಲೆ, ಪಂಚಾಯಿತಿ ಗ್ರಂಥಾಲಯ, ಸೊಸೈಟಿ ಜಗುಲಿ, ಎಲ್ಲಾದರೂ ಆದೀತು. ಜಾಗ ಒಣಗಿರಬೇಕು ಅಷ್ಟೇ.

ಒಂದೇ ವಸ್ತುವಿನಿಂದ ಶುರು ಮಾಡಿ

ಅಡಿಕೆ ಹಾಳೆ ಎಲ್ಲಕ್ಕಿಂತ ಸುಲಭ. ಬೇಸಿಗೆಯಲ್ಲಿ ತಾನಾಗಿ ಉದುರಿದ್ದನ್ನು ಬೇಗ ಹೆಕ್ಕಿ ಒಣಗಿಸಿ. ಮಳೆಗೆ ಸಿಕ್ಕಿದ ಹಾಳೆಗೆ ಬೂಷ್ಟು ಹಿಡಿಯುತ್ತದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆದ ಬೋರ್ಡೋ ದ್ರಾವಣ ತಾಗಿದ ಹಾಳೆಯನ್ನು ಊಟದ ತಟ್ಟೆಗೆ ಬಳಸಲೇಬೇಡಿ, ಆ ದ್ರಾವಣದಲ್ಲಿ ಮೈಲುತುತ್ತ (ತಾಮ್ರದ ಸಲ್ಫೇಟ್) ಇರುತ್ತದೆ. ಕಪಾಟಿನಲ್ಲಿ ಮೂರು ಮಾದರಿ ಇಡಿ: ತೊಳೆಯದೆ ಒಣಗಿಸಿದ ಹಾಳೆ, ತೊಳೆದು ಒಣಗಿಸಿದ ಹಾಳೆ, ತಟ್ಟೆ. ನೆನೆಸಿದ ಹಾಳೆಯನ್ನು ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ ಆಗುತ್ತದೆ. ಅಂಟು ಬೇಡ, ಬಣ್ಣ ಬೇಡ.

ಬಲ್ಲವರ ಹತ್ತಿರ ಕೂತು ಕೇಳಿ

ಬುಟ್ಟಿ ಹೆಣೆಯುವವರು ಕೆಲಸ ಮಾಡುತ್ತಿರುವಾಗಲೇ ಹೋಗಿ. ಒಪ್ಪಿದರೆ ಅವರ ಕೈಗಳ ವಿಡಿಯೊ ಮಾಡಿಕೊಳ್ಳಿ. 'ಹೇಗೆ' ಅಂತ ಮಾತ್ರ ಅಲ್ಲ, 'ಯಾಕೆ' ಅಂತಲೂ ಕೇಳಿ. ಬಿದಿರನ್ನು ನೀರಿನಲ್ಲಿ ನೆನೆಹಾಕುವುದು ಸುಮ್ನೆ ಅಲ್ಲ. ಒಳಗಿನ ಪಿಷ್ಟ ತೊಳೆದುಹೋಗುತ್ತದೆ, ಪಿಷ್ಟ ತಿನ್ನಲು ಬರುವ ಕುಟ್ಟೆ ಹುಳದ ಕಾಟ ಕಡಿಮೆಯಾಗುತ್ತದೆ. ಅವರ ಅರ್ಧ ದಿನ ಹೋಯಿತಾ? ಅದರ ಕೂಲಿ ಕೊಡಿ. ಇದು ಧರ್ಮಕ್ಕೆ ಪಡೆಯುವ ವಿದ್ಯೆ ಅಲ್ಲ. ಬೆತ್ತ, ಬಿದಿರು ಕಾಡಿನಿಂದ ತರುವುದಿದ್ದರೆ ಮೊದಲು ಅರಣ್ಯ ಇಲಾಖೆಯ ಅನುಮತಿ ಕೇಳಿ.

ಪ್ರತಿ ಮಾದರಿಗೂ ಒಂದು ಚೀಟಿ

ಎಲ್ಲಿಂದ ಬಂತು, ಯಾವ ತಿಂಗಳಲ್ಲಿ, ಹದ ಮಾಡಿದ್ದು ಹೇಗೆ, ಹರಿದರೆ ರಿಪೇರಿ ಹೇಗೆ ಎಂದು ಬರೆಯಿರಿ. ಜಾಸ್ತಿ ಯೋಚಿಸಬೇಕಾದ್ದು ಕೊನೆಯ ಪ್ರಶ್ನೆ: ಹಳತಾದ ಮೇಲೆ ಇದು ಎಲ್ಲಿಗೆ ಹೋಗುತ್ತದೆ? ಬರೀ ಕತ್ತದ ಕಾಲೊರಸು ಗೊಬ್ಬರಗುಂಡಿಗೆ ಹೋಗುತ್ತದೆ. ಅದರ ಅಡಿಗೆ ಪ್ಲಾಸ್ಟಿಕ್ ಅಂಟಿಸಿದರೆ ಗುಂಡಿಗೂ ಆಗದು, ಗುಜರಿಗೂ ಆಗದು. ಕಟ್ಟಿದ್ದನ್ನು ಬಿಚ್ಚಬಹುದು, ಅಂಟಿಸಿದ್ದನ್ನು ಬಿಡಿಸುವುದು ಕಷ್ಟ ಅಲ್ವಾ? ಈ ವ್ಯತ್ಯಾಸ ಕಣ್ಣಿಗೆ ಕಾಣಲು ಎರಡೂ ಬಗೆಯ ಕಾಲೊರಸನ್ನು ಪಕ್ಕಪಕ್ಕ ಇಡಿ.

ಕರಾವಳಿಯವರು ಚಿಪ್ಪಿನ ಸುಣ್ಣವನ್ನು ಬಿಡಬೇಡಿ. ಅಘನಾಶಿನಿ ನದಿಯ ಅಳಿವೆಯಲ್ಲಿ ಸಿಗುವ ಬಳಚಿನ (ಎರಡು ಚಿಪ್ಪಿನ ಮೃದ್ವಂಗಿ) ಚಿಪ್ಪು, ಅದನ್ನು ಸುಟ್ಟು ಮಾಡಿದ ಸುಣ್ಣ, ಸುಣ್ಣದ ಗಾರೆಯ ಒಂದು ತುಂಡು, ಮೂರನ್ನೂ ಸಾಲಾಗಿ ಇಡಿ. ಸುಡುವಾಗ ಚಿಪ್ಪಿನಿಂದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ಗೋಡೆಗೆ ಬಳಿದ ಸುಣ್ಣ ಅದನ್ನು ಗಾಳಿಯಿಂದ ನಿಧಾನವಾಗಿ ಮತ್ತೆ ಹೀರಿಕೊಂಡು ಗಟ್ಟಿಯಾಗುತ್ತದೆ. ಚಿಪ್ಪು ಯಾವುದರಿಂದ ಆಗಿತ್ತೋ ಗೋಡೆಯೂ ಅದೇ ಆಗುತ್ತದೆ! ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನಿಂದ ಬಿಡಿಸಿದ ಕಾವಿ ಚಿತ್ರಗಳನ್ನು ಮಕ್ಕಳಿಗೆ ಶಿರಸಿಯ ಮಾರಿಕಾಂಬಾ ದೇವಸ್ಥಾನದಲ್ಲಿ ತೋರಿಸಿ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕುದಿಯುತ್ತದೆ. ಆ ಕೆಲಸ ದೊಡ್ಡವರೇ ಮಾಡಲಿ.

ಬೀಗ ಹಾಕಬೇಡಿ

ಸುಟ್ಟ ಸುಣ್ಣ ಒಂದನ್ನು ಬಿಟ್ಟು ಉಳಿದದ್ದನ್ನು ಜನ ಮುಟ್ಟಲಿ, ಬಗ್ಗಿಸಲಿ, ಮನೆಗೆ ಒಯ್ದು ನೋಡಲಿ. ಹುಳ ತಿಂದ ಬಿದಿರನ್ನೂ ಇಡಿ, ಹದ ತಪ್ಪಿದರೆ ಏನಾಗುತ್ತದೆ ಎಂದು ಅದೇ ತೋರಿಸುತ್ತದೆ. ಮಳೆಗಾಲ ಮುಗಿದ ಮೇಲೆ ಎಲ್ಲವನ್ನೂ ಬಿಸಿಲಿಗೆ ಹಾಕಿ. ಬೂಷ್ಟು ಹಿಡಿದ ಹಾಳೆ, ನಾರುಗಳನ್ನು ಗೊಬ್ಬರಗುಂಡಿಗೆ ಹಾಕಿ, ಕರಗಲು ಎಷ್ಟು ತಿಂಗಳು ಬೇಕಾಯಿತು ಎಂದು ಅದೇ ಚೀಟಿಯಲ್ಲಿ ಬರೆದಿಡಿ.