ಒಂದೇ ವರ್ಚುವಲ್ ಮಷೀನಿಗೆ ಎರಡು ನೆಟ್‌ವರ್ಕ್ ಕಾರ್ಡ್

ಬಾಗಲಕೋಟೆಯ ನವನಗರದಲ್ಲಿ ಕೂತು ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ಗಿರಾಕಿಯ ಕಂಪ್ಯೂಟರಿಗೆ ಹಾಕುವ ಮೊದಲು ಎಲ್ಲವನ್ನೂ ನನ್ನ ಲ್ಯಾಪ್‌ಟಾಪಿನ ವರ್ಚುವಲ್‌ಬಾಕ್ಸ್‌ನಲ್ಲಿ, ಅಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ (ವರ್ಚುವಲ್ ಮಷೀನ್) ನಡೆಸುವ ಸಾಫ್ಟ್‌ವೇರಿನಲ್ಲಿ, ಓಡಿಸಿ ನೋಡುತ್ತೇನೆ. ಆ ಮಷೀನಿನ ಒಳಗಿರುವುದು ಉಬುಂಟು ಸರ್ವರ್ ಎಂಬ ಲಿನಕ್ಸ್.

ಹೊಸ ಮಷೀನ್ ಮಾಡಿದರೆ ಅದಕ್ಕೆ ಮೊದಲು ಸಿಗುವುದು ನ್ಯಾಟ್, ಅಂದರೆ ಲ್ಯಾಪ್‌ಟಾಪಿನ ವಿಳಾಸದ ಹಿಂದೆ ನಿಂತು ಹೊರಗೆ ಹೋಗುವ ಸಂಪರ್ಕ. ಇಂಟರ್ನೆಟ್ ಸುಮ್ನೆ ಬರುತ್ತದೆ, ಏನೂ ಮುಟ್ಟಬೇಕಿಲ್ಲ. ಆದರೆ ಹೊರಗಿನಿಂದ ಒಳಗೆ ಹೋಗಲು ದಾರಿ ಇಲ್ಲ. ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರಿನಿಂದ ಲಾಗಿನ್ ಆಗುವ ದಾರಿ) ಬೇಕಂದ್ರೆ ಲ್ಯಾಪ್‌ಟಾಪಿನ 2222ನೇ ಪೋರ್ಟನ್ನು ಒಳಗಿನ 22ಕ್ಕೆ ಫಾರ್ವರ್ಡ್ ಮಾಡಬೇಕು. ವೆಬ್‌ಗೆ ಇನ್ನೊಂದು, ಡೇಟಾಬೇಸ್‌ಗೆ ಮತ್ತೊಂದು. ಎರಡು ಮಷೀನ್ ಎಬ್ಬಿಸಿದರೆ ಎರಡಕ್ಕೂ ಅದೇ ಐಪಿ (ನೆಟ್‌ವರ್ಕಿನ ವಿಳಾಸ), 10.0.2.15! ಒಂದೊಂದರ ನ್ಯಾಟ್ ಬೇರೆ ಬೇರೆ, ಹಾಗಾಗಿ ಒಂದಕ್ಕೊಂದು ಕಾಣುವುದೂ ಇಲ್ಲ.

ಮಷೀನನ್ನು ನೇರ ರೂಟರಿನ ನೆಟ್‌ವರ್ಕಿಗೆ ಸೇರಿಸುವ ಬ್ರಿಜ್ಡ್ ಹಾಕಿದರೆ ಅದಕ್ಕೆ ರೂಟರಿನಿಂದಲೇ ಐಪಿ ಸಿಗುತ್ತದೆ. ಗಿರಾಕಿ ತನ್ನ ಮೊಬೈಲಿನಲ್ಲೇ ಬಿಲ್ ಪುಟ ತೆರೆದು ನೋಡಬಹುದು. ಚೆನ್ನಾಗಿಯೇ ಇದೆ, ಕರೆಂಟ್ ಹೋಗುವ ತನಕ. ರೂಟರ್ ಮತ್ತೆ ಎದ್ದಾಗ ಬೇರೆ ಐಪಿ ಕೊಟ್ಟರೆ, "ಸರ, ನಿನ್ನೆ ಬಂದಿತ್ತು, ಇವತ್ತ ಬರವಲ್ದು" ಅಂತ ಫೋನ್ ಬರುತ್ತದೆ. ವೈಫೈ ಮೇಲಂತೂ ಬ್ರಿಜ್ಡ್ ನಂಬಿಕೆಗೆ ಅರ್ಹವಲ್ಲ. ಒಂದು ಸಂಪರ್ಕದ ಹಿಂದೆ ಎರಡು ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಇರುವುದನ್ನು ಎಷ್ಟೋ ವೈಫೈ ರೂಟರುಗಳು ಒಪ್ಪುವುದಿಲ್ಲ. ವರ್ಚುವಲ್‌ಬಾಕ್ಸ್ ಏನೋ ಉಪಾಯ ಮಾಡುತ್ತದೆ, ಆದರೂ ಎಲ್ಲ ಕಡೆ ನಡೆಯುವುದಿಲ್ಲ.

ಅದಕ್ಕೇ ಈಗ ಎರಡು ಅಡಾಪ್ಟರ್, ಅಂದರೆ ನೆಟ್‌ವರ್ಕ್ ಕಾರ್ಡ್, ಕೊಡುತ್ತೇನೆ. ಮೊದಲನೆಯದು ನ್ಯಾಟ್, ಇಂಟರ್ನೆಟ್‌ಗೆ. ಎರಡನೆಯದು ಹೋಸ್ಟ್ ಓನ್ಲಿ (ಲ್ಯಾಪ್‌ಟಾಪ್ ಮತ್ತು ಅದರೊಳಗಿನ ಮಷೀನುಗಳ ನಡುವೆ ಮಾತ್ರ ಇರುವ ಸಂಪರ್ಕ), ನನಗೆ. ಇದರಲ್ಲಿ ಲ್ಯಾಪ್‌ಟಾಪ್ 192.168.56.1 ಆಗಿರುತ್ತದೆ. ಮಷೀನಿಗೆ ನಾನೇ 192.168.56.10 ಅಂತ ಕೊಟ್ಟುಬಿಡುತ್ತೇನೆ. ಇಳಕಲ್ಲಿನ ಅಂಗಡಿಯಲ್ಲಿರಲಿ, ಮೊಬೈಲ್ ಹಾಟ್‌ಸ್ಪಾಟ್ ಇರಲಿ, ವೈಫೈ ಪೂರ್ತಿ ಬಂದ್ ಇರಲಿ, ಈ ವಿಳಾಸ ಬದಲಾಗುವುದಿಲ್ಲ.

ಇಲ್ಲಿ ಜನ ಸಿಕ್ಕಿಬೀಳುವುದು ಉಬುಂಟು ಒಳಗೆ. ಇನ್‌ಸ್ಟಾಲ್ ಆದಮೇಲೆ ಸೇರಿಸಿದ ಎರಡನೇ ಕಾರ್ಡ್, ಸಾಮಾನ್ಯವಾಗಿ ಇಎನ್‌ಪಿ0ಎಸ್8 (enp0s8) ಎಂಬ ಹೆಸರಿನದು, ತಾನಾಗಿ ಏಳುವುದಿಲ್ಲ. ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ಇರುವ ನೆಟ್‌ಪ್ಲಾನ್ ಫೈಲಿನಲ್ಲಿ ಅದನ್ನು ಬರೆದು ಅಪ್ಲೈ ಮಾಡಬೇಕು. ಆ ಕಾರ್ಡಿಗೆ ಗೇಟ್‌ವೇ (ಹೊರಗಿನ ನೆಟ್‌ವರ್ಕಿಗೆ ದಾರಿ ಕೊಡುವ ವಿಳಾಸ) ಮಾತ್ರ ಬರೆಯಬೇಡಿ. ಬರೆದರೆ ಇಂಟರ್ನೆಟ್ಟಿಗೆ ಹೋಗಬೇಕಾದ್ದು ಹೋಸ್ಟ್ ಓನ್ಲಿ ಕಡೆ ತಿರುಗಿ ಅಲ್ಲೇ ನಿಲ್ಲಬಹುದು.

ಗಿರಾಕಿಯ ಮೊಬೈಲಿಗೆ ತೋರಿಸಲೇಬೇಕಾದ ದಿನ ಮೂರನೇ ಅಡಾಪ್ಟರನ್ನು ಬ್ರಿಜ್ಡ್ ಮಾಡಿ, ಕೇಬಲ್ ಹಾಕಿ, ಕೆಲಸ ಮುಗಿದ ಮೇಲೆ ತೆಗೆಯುತ್ತೇನೆ. ಮಷೀನ್ ಕ್ಲೋನ್ (ನಕಲು) ಮಾಡುವಾಗ ಹೊಸ ಮ್ಯಾಕ್ ವಿಳಾಸ ಆರಿಸಿಕೊಳ್ಳಿ, ನೆಟ್‌ಪ್ಲಾನಿನಲ್ಲಿ ಬರೆದ ಐಪಿಯನ್ನೂ ಬದಲಿಸಿ.