ಮೊದಲ ರೇಸ್ ಕಾರಿಗೆ ಮೋಟಾರ್: ನನ್ನ ಅನುಭವ

ನನ್ನ ಮೊದಲ ಆರ್‌ಸಿ (ರಿಮೋಟ್‌ನಲ್ಲಿ ಓಡಿಸುವ) ಕಾರು ತಮಿಯಾ ಕಂಪನಿಯ ಟಿಟಿ-02. ನಿಜವಾದ ಕಾರಿನ ಹತ್ತನೇ ಒಂದು ಅಳತೆ, ಎಳೆತ ನಾಲ್ಕೂ ಚಕ್ರಕ್ಕೆ. ಮೂರು ರಾತ್ರಿ ಕೂತು ಕಿಟ್ ಜೋಡಿಸಿದೆ. ಪೆಟ್ಟಿಗೆಯಲ್ಲೇ ಬೆಳ್ಳಿ ಬಣ್ಣದ ಒಂದು 540 ಮೋಟಾರ್ ಇತ್ತು. ಈ ಹವ್ಯಾಸದವರು ಅದನ್ನು ಸಿಲ್ವರ್ ಕ್ಯಾನ್ ಅಂತಾರೆ. ಅದರ ಕವರ್ ಕೂಡ ಬಿಚ್ಚದೆ ಡ್ರಾಯರ್‌ಗೆ ಸೇರಿಸಿದೆ. ರೇಸ್ ಕಾರು ಅಂದ ಮೇಲೆ ಸ್ಪೀಡ್ ಬೇಕಲ್ವಾ ಅಂತ 3900 ಕೆವಿಯ ಬ್ರಷ್‌ಲೆಸ್, ಅಂದರೆ ಒಳಗೆ ಕಾರ್ಬನ್ ಬ್ರಷ್ ಇಲ್ಲದ ಮೋಟಾರ್ ತರಿಸಿದೆ.

ಮೈಸೂರಿನಲ್ಲಿ ನಮ್ಮ ಮನೆ ಹತ್ತಿರ ಒಂದು ಶಾಲೆಯಿದೆ. ಭಾನುವಾರ ಬೆಳಿಗ್ಗೆ ಅದರ ಬಾಸ್ಕೆಟ್‌ಬಾಲ್ ಅಂಗಳವೇ ನಮ್ಮ ಟ್ರ್ಯಾಕ್. 28 ಮೀಟರ್ ಉದ್ದ, 15 ಮೀಟರ್ ಅಗಲದ ಸಿಮೆಂಟ್ ನೆಲ. ಸೀಮೆಸುಣ್ಣದಲ್ಲಿ ಗೆರೆ ಎಳೆದು, ತಿರುವಿಗೊಂದು ನೀರು ತುಂಬಿದ ಬಾಟಲಿ ಇಡುತ್ತೇವೆ. ತಿರುವುಗಳನ್ನು ಕಳೆದರೆ ನೇರ ಓಟಕ್ಕೆ ಸಿಗುವುದು 20 ಮೀಟರ್ ಅಷ್ಟೇ.

ಈ 20 ಮೀಟರ್ ಲೆಕ್ಕವನ್ನು ಮೋಟಾರ್ ಕೊಳ್ಳುವ ಮೊದಲೇ ಹಾಕಬೇಕಿತ್ತು. ಕೆವಿ ಅಂದರೆ ಒಂದು ವೋಲ್ಟ್‌ಗೆ ಮೋಟಾರ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವ ಸಂಖ್ಯೆ, ಅದೂ ಭಾರವಿಲ್ಲದಾಗ. ಎರಡು ಸೆಲ್‌ನ ಲಿಪೊ ಬ್ಯಾಟರಿ 7.4 ವೋಲ್ಟ್. 3900ನ್ನು 7.4ರಿಂದ ಗುಣಿಸಿದರೆ ಸುಮಾರು 28,900 ಸುತ್ತು. ಕಿಟ್‌ನ ಗೇರಿನಲ್ಲಿ ಮೋಟಾರ್ 8.27 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಚಕ್ರದ ಒಂದು ಸುತ್ತಿಗೆ ಕಾರು ಸುಮಾರು 20 ಸೆಂಟಿಮೀಟರ್ ಹೋಗುತ್ತದೆ. ಎಲ್ಲ ಸೇರಿಸಿದರೆ ಗಂಟೆಗೆ 42 ಕಿಲೋಮೀಟರ್. ಆ ವೇಗದಲ್ಲಿ ನಮ್ಮ 20 ಮೀಟರ್ ಎರಡು ಸೆಕೆಂಡಿನೊಳಗೆ ಮುಗಿದುಹೋಗುತ್ತದೆ. ಅಷ್ಟರಲ್ಲಿ ನಾನು ಬ್ರೇಕ್ ಹಾಕಿ, ಕಾರನ್ನು ತಿರುಗಿಸಬೇಕು. ಮೊದಲ ತಿಂಗಳು ಅದು ನನ್ನ ಕೈಲಿ ಆಗಲೇ ಇಲ್ಲ.

ಇನ್ನೊಂದು ತೊಂದರೆ ನಿಧಾನ ವೇಗದಲ್ಲಿ. ಆ ಮೋಟಾರಿಗೆ ಸೆನ್ಸರ್ ಇರಲಿಲ್ಲ. ನಿಂತ ಕಾರನ್ನು ಹೊರಡಿಸುವಾಗ ಒಳಗಿನ ಅಯಸ್ಕಾಂತ ಯಾವ ಕಡೆಗಿದೆ ಅಂತ ಇಎಸ್‌ಸಿಗೆ, ಅಂದರೆ ಮೋಟಾರಿಗೆ ಕರೆಂಟ್ ಅಳೆದು ಕೊಡುವ ಸ್ಪೀಡ್ ಕಂಟ್ರೋಲರ್‌ಗೆ, ತಿಳಿಯುವುದಿಲ್ಲ. ಟ್ರಿಗರ್ ಮೆಲ್ಲಗೆ ಒತ್ತಿದರೆ ಕಾರು ಗಡಗಡ ನಡುಗಿ, ಆಮೇಲೆ ಒಮ್ಮೆಲೇ ಚಿಮ್ಮುತ್ತಿತ್ತು. ಬಾಟಲಿಗೆ ಗುದ್ದಿ ನಿಂತಾಗಲೆಲ್ಲ ಇದೇ ಕಥೆ. ಸಾಲದ್ದಕ್ಕೆ ಒಂದು ದಿನ, ಇನ್ನೂ ವೇಗ ಸಿಗಲಿ ಅಂತ, ಇನ್ನೂ ದೊಡ್ಡ ಪಿನಿಯನ್ (ಮೋಟಾರಿನ ಶಾಫ್ಟ್‌ಗೆ ಕೂರುವ ಗೇರು) ಹಾಕಿದೆ. ಐದೇ ನಿಮಿಷಕ್ಕೆ ಕಾಯಿಸಿದ ವಾರ್ನಿಷ್‌ನಂಥ ವಾಸನೆ ಬಂತು. ಥರ್ಮಾಮೀಟರ್ ಹಿಡಿದರೆ 88 ಡಿಗ್ರಿ. ನಾನು 70 ದಾಟಿದರೆ ಓಡಿಸುವುದನ್ನು ನಿಲ್ಲಿಸುತ್ತೇನೆ. ಬಿಸಿ ಮಿತಿ ಮೀರಿದರೆ ಅಯಸ್ಕಾಂತದ ಶಕ್ತಿ ಕುಂದುತ್ತದೆ, ಅದು ಮತ್ತೆ ಪೂರ್ತಿ ಮರಳುವುದಿಲ್ಲ.

ಆ ಸಂಜೆ ಡ್ರಾಯರ್‌ನಿಂದ ಸಿಲ್ವರ್ ಕ್ಯಾನ್ ತೆಗೆದೆ. ಇದು ಬ್ರಷ್ ಇರುವ ಮೋಟಾರ್. ಹೊಸದರಲ್ಲಿ ಕಾರ್ಬನ್ ಬ್ರಷ್‌ನ ಮುಖ ಒಳಗಿನ ದುಂಡು ತಾಮ್ರದ ಮೇಲೆ ಸರಿಯಾಗಿ ಕೂತಿರುವುದಿಲ್ಲ. ಎರಡು ದೊಡ್ಡ ಟಾರ್ಚ್ ಸೆಲ್‌ಗಳಿಗೆ ವೈರ್ ಕಟ್ಟಿ, 3 ವೋಲ್ಟ್‌ನಲ್ಲಿ ಹತ್ತು ನಿಮಿಷ ಖಾಲಿ ಓಡಿಸಿದೆ. ಮೊದಲು ಕರಕರ ಅನ್ನುತ್ತಿದ್ದ ಸದ್ದು ನಿಧಾನಕ್ಕೆ ನುಣುಪಾಯಿತು. ಶಾಫ್ಟ್‌ನ ಎರಡೂ ತುದಿಗೆ ಒಂದೊಂದು ಹನಿ ಎಣ್ಣೆ ಬಿಟ್ಟು ಕಾರಿಗೆ ಹಾಕಿದೆ. ಇದಕ್ಕೆ ಬ್ರಷ್ ಮೋಟಾರಿನ ಇಎಸ್‌ಸಿಯೇ ಬೇಕು. ಕಿಟ್‌ಗೆಂದು ಮೊದಲೇ ತಂದಿಟ್ಟಿದ್ದೆ.

ಮುಂದಿನ ಭಾನುವಾರ ಅಕ್ಕನ ಮಗ ಫೋನಿನಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತ. ಈ ಮೋಟಾರ್ ಗಂಟೆಗೆ 23 ಕಿಲೋಮೀಟರ್ ದಾಟುವುದಿಲ್ಲ. 3900 ಕೆವಿಯಲ್ಲಿ ನನ್ನ ಹತ್ತು ಸುತ್ತು 2 ನಿಮಿಷ 40 ಸೆಕೆಂಡ್ ಆಗಿತ್ತು, ಗುದ್ದಿದ್ದು ಬಿದ್ದದ್ದು ಎಲ್ಲ ಸೇರಿ. ಸಿಲ್ವರ್ ಕ್ಯಾನ್‌ನಲ್ಲಿ 2 ನಿಮಿಷ 5 ಸೆಕೆಂಡ್.

"ಮಾಮ, ನಿಧಾನದ ಮೋಟಾರೇ ಬೇಗ ಬಂತಲ್ಲ!" ಅಂದ.

ನೇರದಲ್ಲಿ ಟ್ರಿಗರ್ ಪೂರ್ತಿ ಒತ್ತಿ, ತಿರುವಿಗೆ ಮುಂಚೆ ಬಿಟ್ಟು, ಮತ್ತೆ ಒತ್ತುವುದು ಕೈಗೆ ಕೂತಿದ್ದು ಆ ದಿನವೇ. ನಾಲ್ಕು ತಿಂಗಳು ಅದೇ ಮೋಟಾರಿನಲ್ಲಿ ಓಡಿಸಿದೆ. ಈ ನಡುವೆ ದುಡ್ಡು ಹಾಕಿದ್ದು ಬೇರಿಂಗ್‌ಗೆ ಮಾತ್ರ. ಕಿಟ್‌ನ ಬುಷ್‌ಗಳನ್ನು (ಶಾಫ್ಟ್ ಕೂರುವ ಸಾದಾ ಬಳೆಗಳು) ತೆಗೆದು 11×5×4 ಮಿಲಿಮೀಟರ್ ಬಾಲ್ ಬೇರಿಂಗ್ ಕೂರಿಸಿದೆ. ಚಕ್ರವನ್ನು ಕೈಯಲ್ಲಿ ತಿರುಗಿಸಿದರೇ ಹಗುರ ಅನ್ನುವುದು ತಿಳಿಯುತ್ತಿತ್ತು. ಮೋಟಾರ್ ಬದಲಿಸುವ ಮೊದಲು ಇದನ್ನು ಮಾಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಆಮೇಲೆ ಸೆನ್ಸರ್ ಇರುವ ಬ್ರಷ್‌ಲೆಸ್‌ಗೆ ಹೋದೆ. ಇಲ್ಲಿ ಕೆವಿಗಿಂತ ಟರ್ನ್ ಲೆಕ್ಕವೇ ಜಾಸ್ತಿ ಓಡುತ್ತದೆ: 21.5, 17.5, 13.5. ಟರ್ನ್ ಅಂದರೆ ಒಳಗಿನ ತಂತಿಯ ಸುತ್ತು. ಸುತ್ತು ಜಾಸ್ತಿಯಾದಷ್ಟೂ ಮೋಟಾರ್ ನಿಧಾನ, ಬ್ಯಾಟರಿಯಿಂದ ಎಳೆಯುವ ಕರೆಂಟೂ ಕಮ್ಮಿ. ಹೊಸಬರಿಗೆ 21.5 ಸಾಕು ಅನ್ನುವ ಮಾತು ಎಲ್ಲ ಕಡೆ ಕೇಳಿಸುತ್ತದೆ. ಬೆಲ್ಟ್ ಇರುವ ದುಬಾರಿ ರೇಸ್ ಚಾಸಿಗೆ ಅದು ಸರಿ. ಅದರಲ್ಲಿ ಗೇರ್ ಅನುಪಾತವನ್ನು 4ರ ಹತ್ತಿರಕ್ಕೂ ಇಳಿಸಬಹುದು, ಅಂದರೆ ಮೋಟಾರಿನ ನಾಲ್ಕು ಸುತ್ತಿಗೇ ಚಕ್ರ ಒಂದು ಸುತ್ತು. ಟಿಟಿ-02ರಲ್ಲಿ ಹಾಗಾಗುವುದಿಲ್ಲ. ಗೇರ್‌ಬಾಕ್ಸ್ ಒಳಗೇ 2.6 ಅನುಪಾತ ಕೂತಿದೆ. ಅದಕ್ಕೆ ಸ್ಪರ್ ಗೇರಿನ (ಪಿನಿಯನ್ ತಿರುಗಿಸುವ ದೊಡ್ಡ ಗೇರು) 70 ಹಲ್ಲನ್ನು ಪಿನಿಯನ್‌ನ 22 ಹಲ್ಲಿನಿಂದ ಭಾಗಿಸಿದ್ದನ್ನು ಗುಣಿಸಿದರೆ ಬರುವುದೇ ಆ 8.27. ಪಿನಿಯನ್ ದೊಡ್ಡದು ಮಾಡಲು ಜಾಗವೂ ಸ್ವಲ್ಪವೇ. ಅಲ್ಲಿ 21.5 ಹಾಕಿದರೆ ಸಿಲ್ವರ್ ಕ್ಯಾನ್‌ಗಿಂತ ನಿಧಾನವಾಗುವ ಸಾಧ್ಯತೆಯೇ ಹೆಚ್ಚು. ಸುಮ್ನೆ ದುಡ್ಡು ದಂಡ.

ಹಾಗಾಗಿ ನಾನು 17.5 ತಗೊಂಡೆ. ನನ್ನದು ಸುಮಾರು 2200 ಕೆವಿ. ಗರಿಷ್ಠ ವೇಗ ಸಿಲ್ವರ್ ಕ್ಯಾನ್‌ನ ಹತ್ತಿರ ಹತ್ತಿರವೇ, ಆದರೆ ತಿರುವಿನಿಂದ ಹೊರಬರುವಾಗಿನ ಎಳೆತವೇ ಬೇರೆ. ಸೆನ್ಸರ್ ಇರುವುದರಿಂದ ಚಕ್ರ ಹೊರಡುವುದು ಬೆಣ್ಣೆಯಂತೆ. ಇಎಸ್‌ಸಿಯ ಟೈಮಿಂಗ್ (ಕರೆಂಟನ್ನು ಸ್ವಲ್ಪ ಮುಂಚೆಯೇ ಕೊಟ್ಟು ವೇಗ ಹೆಚ್ಚಿಸುವ ಸೆಟ್ಟಿಂಗ್) ಸೊನ್ನೆಯಲ್ಲೇ ಇಟ್ಟಿದ್ದೇನೆ. ಆರು ನಿಮಿಷ ಓಡಿಸಿದ ಮೇಲೂ 55 ಡಿಗ್ರಿ ದಾಟಿಲ್ಲ.

ಹಾಕುವಾಗ ಎರಡು ಕಡೆ ಹುಷಾರಾಗಿರಬೇಕು. ಸೆನ್ಸರ್ ಮೋಟಾರಿನ ಎ, ಬಿ, ಸಿ ವೈರ್‌ಗಳು ಇಎಸ್‌ಸಿಯ ಎ, ಬಿ, ಸಿಗೇ ಹೋಗಬೇಕು. ಸೆನ್ಸರ್ ಇಲ್ಲದ್ದರಲ್ಲಿ ಎರಡು ವೈರ್ ಅದಲುಬದಲು ಮಾಡಿ ದಿಕ್ಕು ಬದಲಿಸುತ್ತಿದ್ದ ಅಭ್ಯಾಸವನ್ನು ಇಲ್ಲಿ ತಂದರೆ ಇಎಸ್‌ಸಿ ಸುಟ್ಟೀತು. ಇನ್ನೊಂದು ಸ್ಕ್ರೂ. ಮೋಟಾರಿನ ಮುಖಕ್ಕೆ ಬರುವ 3 ಮಿಲಿಮೀಟರ್ ಸ್ಕ್ರೂ ಒಂದೆರಡು ಮಿಲಿಮೀಟರ್ ಉದ್ದವಾದರೂ ತುದಿ ಒಳಗಿನ ತಂತಿಯನ್ನು ಕೆರೆಯಬಹುದು. ಕೈಯಲ್ಲಿ ಬಿಗಿಯುವಾಗ ಕೊನೆಯಲ್ಲಿ ಏನೋ ಮೆತ್ತಗೆ ತಾಗಿದಂತೆ ಅನಿಸಿದರೆ ತಕ್ಷಣ ನಿಲ್ಲಿಸಿ. ಕಿಟ್‌ನ ಸ್ಕ್ರೂ ಪಕ್ಕ ಇಟ್ಟು ಅಳೆದು ನೋಡಿ.

ಅಕ್ಕನ ಮಗನಿಗೆ ಹೋದ ತಿಂಗಳು ಸ್ವಂತ ಟಿಟಿ-02 ಬಂತು. ಅವನ ಕಿಟ್‌ನ ಮೋಟಾರನ್ನು ಟಾರ್ಚ್ ಸೆಲ್‌ಗೆ ಕಟ್ಟಿ, ಕರಕರ ಸದ್ದು ಹೋಗುವವರೆಗೂ ಕಿವಿ ಹತ್ತಿರ ಹಿಡಿದು ಕೂತಿದ್ದ. ಪಿನಿಯನ್ 22 ಹಲ್ಲಿನದೇ ಇದೆ. ಈ ಭಾನುವಾರ ಸ್ಟಾಪ್‌ವಾಚ್ ನನ್ನ ಕೈಯಲ್ಲಿ.